ಬಾಕಿ ಉಳಿದಿದ್ದ ಅಚ್ಚು

ದೇವದುರ್ಗದ ಕಾಲೇಜಿನಲ್ಲಿ ಕಂಪ್ಯೂಟರ್ ಕಲಿಸುವ ವಿಶಾಖಾ ಯಾವ ಕೆಲಸವನ್ನೂ ಅರ್ಧಕ್ಕೆ ಬಿಡುವವಳಲ್ಲ. ರೊಟ್ಟಿ ಬಡಿಯಲು ಕೂತರೆ ಹಿಟ್ಟು ಮುಗಿಯುವ ತನಕ ಏಳುವುದಿಲ್ಲ, ಪರೀಕ್ಷೆಯ ಪೇಪರು ತಿದ್ದಲು ಕೂತರೆ ಕಟ್ಟು ಮುಗಿಯುವ ತನಕ ಚಹಾ ಮುಟ್ಟುವುದಿಲ್ಲ. ಇಂಥವಳು ಒಂದು ಕೆಲಸವನ್ನು ಮಾತ್ರ ಆರೇಳು ವರ್ಷಗಳಿಂದ ಹಾಗೆಯೇ ಇಟ್ಟುಕೊಂಡಿದ್ದಳು. ಮಾಡಲು ಬಾರದೆ ಅಲ್ಲ. ಅದನ್ನು ಮಾಡಿಬಿಟ್ಟರೆ ಮಾನ್ವಿಯಲ್ಲಿರುವ ಒಬ್ಬ ಮನುಷ್ಯನಿಗೂ ತನಗೂ ನಡುವೆ ಏನೂ ಉಳಿಯುವುದಿಲ್ಲ ಎಂಬ ಭಯಕ್ಕೆ.

ಅದು ಏನು ಕೆಲಸ ಎಂದು ಹೇಳಬೇಕಾದರೆ ಮೊದಲು ಬುತ್ತಿಯ ವಿಷಯ ಹೇಳಬೇಕು.

ವಿಶಾಖಾ ಗುಂಜಹಳ್ಳಿಯವಳು, ಜಾತಕ ಪಂಚಾಂಗ ನಂಬದ ಬೌದ್ಧರ ಮನೆತನ. ಅಪ್ಪ ಯಂಕೋಬ ರಾಯಚೂರಿನ ಹತ್ತಿ ಮಿಲ್ಲಿನಲ್ಲಿ ಹಮಾಲಿ, ಅವ್ವ ಶೇಖಮ್ಮ ಕಂಡವರ ಹೊಲದಲ್ಲಿ ಕಳೆ ತೆಗೆದವಳು. ಕನ್ನಡ ಶಾಲೆಯಲ್ಲಿ ಓದಿ ರಾಯಚೂರಿನ ಇಂಜಿನಿಯರಿಂಗ್ ಕಾಲೇಜಿಗೆ ಬಂದ ಹುಡುಗಿಗೆ ಕಂಪ್ಯೂಟರಿನ ಲೆಕ್ಕಾಚಾರ ಕಷ್ಟವೆನಿಸಲೇ ಇಲ್ಲ. ಕಷ್ಟವಾದದ್ದು ಅದರ ಇಂಗ್ಲಿಷು. ಲ್ಯಾಬಿನಲ್ಲಿ ಒಂದು ಕಂಪ್ಯೂಟರಿಗೆ ಇಬ್ಬರು ಕೂರಬೇಕಿತ್ತು. ಅವಳ ಪಾಲಿಗೆ ಬಂದವನು ಸೊಹೇಲ್, ಮಾನ್ವಿಯಲ್ಲಿ ಪಂಪಿನ ಮೋಟಾರುಗಳಿಗೆ ತಂತಿ ಸುತ್ತುವ ಉಸ್ತಾದರ ಮಗ. ಒಂದು ದಿನ ಅವಳು ತಪ್ಪಿನ ಮೇಲೆ ತಪ್ಪು ಮಾಡಿ ಕಣ್ಣಲ್ಲಿ ನೀರು ತಂದುಕೊಂಡಾಗ ಅವನು ಹೇಳಿದ: "ನೀ ಯಾಕ ಅಳ್ತೀ? ಅದಕ್ಕ ಕನ್ನಡ ಬರಂಗಿಲ್ಲ, ಅದು ಅಳಬೇಕು."

ಅಲ್ಲಿಂದ ಶುರುವಾದ ಹುಚ್ಚು. ಕಂಪ್ಯೂಟರಿಗೆ ಕನ್ನಡದಲ್ಲೇ ಅಪ್ಪಣೆ ಕೊಡುವ ಒಂದು ಪುಟ್ಟ ಭಾಷೆಯನ್ನು ಇಬ್ಬರೂ ಸೇರಿ ಕಟ್ಟತೊಡಗಿದರು. ಹಳ್ಳಿ ಶಾಲೆಯ ಮಕ್ಕಳು ಫೋನಿನಲ್ಲೇ ಪ್ರೋಗ್ರಾಂ ಬರೆಯುವಂತಿರಬೇಕು, ಕಟ್ಟಿಕೊಂಡು ಎಲ್ಲಿಗೆ ಬೇಕಾದರೂ ಒಯ್ಯುವಂತಿರಬೇಕು ಎಂದು ಅದಕ್ಕೆ ಬುತ್ತಿ ಎಂದು ಹೆಸರಿಟ್ಟರು. ಡಿಗ್ರಿ ಮುಗಿದ ಮೇಲೆ ರಾಯಚೂರಿನ ತೀನ್ ಕಂದೀಲ್ ವೃತ್ತದ ಹತ್ತಿರದ ಒಂದು ಕಂಪ್ಯೂಟರ್ ಕ್ಲಾಸಿನಲ್ಲಿ ಇಬ್ಬರಿಗೂ ಕೆಲಸ ಸಿಕ್ಕಿತು. ಸಂಜೆ ಹುಡುಗರು ಹೋದ ಮೇಲೆ ಒಗ್ಗರಣೆ ಮಂಡಾಳು, ಮಿರ್ಚಿ ತರಿಸಿಕೊಂಡು ಕೂತರೆ ಬುತ್ತಿಯದೇ ಧ್ಯಾನ.

ಅವರ ನಡುವೆ ಒಂದು ಕಾನೂನಿತ್ತು. ಇಬ್ಬರೂ ಹೂಂ ಅನ್ನದೆ ಬುತ್ತಿಯೊಳಗೆ ಒಂದು ಪದವೂ ಹೋಗಕೂಡದು. ಭಿನ್ನಾಭಿಪ್ರಾಯ ಬಂದರೆ ಮನಸ್ಸು ಬಿಚ್ಚಿ ಜಗಳಾಡಬೇಕು. ಕೊನೆಗೆ ಯಾರು ಸೋತರೋ ಅವರೇ ಅದನ್ನು ಬರೆದು ಕೂರಿಸಬೇಕು. ಗೆದ್ದವರು ಬರೆದರೆ ಹಮ್ಮಿನಲ್ಲಿ ಬರೆಯುತ್ತಾರೆ, ಸೋತವರು ಬರೆದರೆ ತಪ್ಪು ಹುಡುಕುತ್ತಾ ಬರೆಯುತ್ತಾರೆ ಎಂಬುದು ಸೊಹೇಲನ ವಾದ. ವಾದ ಸರಿಯಾಗಿಯೇ ಇತ್ತು ಅನ್ನಿ. ಬುತ್ತಿಯಲ್ಲಿ ಇವತ್ತಿಗೂ ಕಲ್ಲು ಸಿಗುವುದು ಕಡಿಮೆ.

ಒಂದು ಅಪ್ಪಣೆ ಎಲ್ಲಿಗೆ ಮುಗಿಯಿತು ಎಂದು ಕಂಪ್ಯೂಟರಿಗೆ ತಿಳಿಯುವುದು ಹೇಗೆ ಎಂಬುದೇ ಒಂದು ವಾರದ ಜಗಳ. ಸಾಲಿನ ಮುಂದೆ ಜಾಗ ಬಿಟ್ಟು ಬರೆದರೆ ಸಾಕು, ನೋಡಲು ಚೆಂದ ಎಂದು ಸೊಹೇಲ್. ಫೋನಿನ ಸಣ್ಣ ಪರದೆಯಲ್ಲಿ ಸಾಲು ಮುರಿದು ಬೀಳುತ್ತದೆ, ಎಷ್ಟು ಜಾಗ ಬಿಟ್ಟಿದೆ ಎಂದು ಮಕ್ಕಳಿಗೆ ಹೇಗೆ ಕಾಣಬೇಕು ಎಂದು ವಿಶಾಖಾ. ಬಳ್ಳಿಯಂಥ ಆವರಣ ಚಿಹ್ನೆ ಇಡೋಣವೆಂದರೆ ಫೋನಿನ ಕೀಲಿಗಳಲ್ಲಿ ಅದನ್ನು ಹುಡುಕುವುದರೊಳಗೆ ಮಗು ಬರೆಯಬೇಕೆಂದದ್ದನ್ನೇ ಮರೆತಿರುತ್ತದೆ. ಕೊನೆಗೆ ಅಪ್ಪಣೆ ಮುಗಿದಲ್ಲಿ 'ಸಾಕು' ಎಂಬ ಪದ ಬರೆಯುವುದೆಂದಾಯಿತು. ಸೊಹೇಲ್ ಸೋತ, ಸೊಹೇಲನೇ ಬರೆದ. ಹೀಗೆ ಒಮ್ಮೆ ಅವನು, ಒಮ್ಮೆ ಇವಳು. ಸೋತ ದಿನ ಅವಳು ಮೂತಿ ಊದಿಸಿಕೊಂಡು ಕೀಲಿ ಕುಟ್ಟುತ್ತಿದ್ದರೆ ಅವನು ಪಕ್ಕದಲ್ಲಿ ಕೂತು ಅವಳ ಪಾಲಿನ ಮಿರ್ಚಿಯನ್ನೂ ತಿನ್ನುತ್ತಿದ್ದ.

ಕೊನೆಗೆ ಉಳಿದದ್ದು ಅಚ್ಚು.

ಇಟ್ಟಿಗೆಯ ಅಚ್ಚು ನೋಡಿದವರಿಗೆ ಇದು ತಿಳಿಯುತ್ತದೆ. ಒಂದೇ ಸ್ವರೂಪದ ವಸ್ತುಗಳು ಬಹಳ ಬೇಕಾದಾಗ ಪ್ರತಿಯೊಂದನ್ನೂ ಹೊಸದಾಗಿ ವರ್ಣಿಸುವುದಿಲ್ಲ. 'ವಿದ್ಯಾರ್ಥಿ' ಎಂದು ಒಂದು ಅಚ್ಚು ಮಾಡಿಟ್ಟರೆ ಅದರಿಂದ ಎಷ್ಟು ವಿದ್ಯಾರ್ಥಿಗಳನ್ನು ಬೇಕಾದರೂ ತೆಗೆಯಬಹುದು, ಒಬ್ಬೊಬ್ಬರಿಗೂ ಅವರವರ ಹೆಸರು, ಊರು, ಅಂಕ. ಪ್ರಶ್ನೆ ಇಷ್ಟೆ: ಅಚ್ಚಿನೊಳಗೆ ಏನೇನಿರುತ್ತದೆ ಎಂಬುದನ್ನು ಯಾವಾಗ ಹೇಳಬೇಕು?

ಮೊದಲ ಸಾಲಿನಲ್ಲೇ ಹೇಳಿಬಿಡಬೇಕು ಎಂಬುದು ವಿಶಾಖಾಳ ಹಟ. ಹೆಸರು, ಊರು, ಅಂಕ ಎಂದು ಬರೆದ ಮೇಲೆ ಮುಂದೆ ಬೇರೆ ಏನು ಬಂದರೂ ಕಂಪ್ಯೂಟರು ತಡೆದು ನಿಲ್ಲಿಸಬೇಕು. ಇಲ್ಲದಿದ್ದರೆ ಮಗು ಒಂದು ಕಡೆ 'ಅಂಕ' ಎಂದು, ಇನ್ನೊಂದು ಕಡೆ 'ಮಾರ್ಕ್ಸು' ಎಂದು ಬರೆಯುತ್ತದೆ, ಕಂಪ್ಯೂಟರು ಎರಡನ್ನೂ ನುಂಗಿಕೊಂಡು ಸುಮ್ಮನಿರುತ್ತದೆ, ಫಲಿತಾಂಶ ಸೊನ್ನೆ ಬಂದಾಗ ಮಗು ತನಗೇ ಬುದ್ಧಿಯಿಲ್ಲ ಅಂದುಕೊಳ್ಳುತ್ತದೆ. ಸೊಹೇಲನದು ಇದಕ್ಕೆ ಉಲ್ಟಾ. ಅಚ್ಚು ಖಾಲಿಯಾಗಿಯೇ ಶುರುವಾಗಲಿ. ಯಾವಾಗ ಏನು ಹೊಳೆಯುತ್ತದೋ ಆಗ ಅದನ್ನು ಇಟ್ಟುಕೊಳ್ಳಲಿ. "ಹುಟ್ಟೂದಕ್ಕ ಮೊದ್ಲೇ ಕೂಸಿನ ಜಾತಕ ಬರೀತೀಯಲ್ಲ, ನೀ ಯಾವ ಸೀಮಿ ಬೌದ್ಧಳು?" ಎಂದು ರೇಗಿಸುತ್ತಿದ್ದ.

ಈ ಜಗಳದಲ್ಲಿ ಯಾರೂ ಸೋಲಲಿಲ್ಲ. ಸೋಲುವುದರೊಳಗೆ ಮಾನ್ವಿಯಲ್ಲಿ ಸೊಹೇಲನ ಅಪ್ಪನಿಗೆ ಲಕ್ವ ಹೊಡೆಯಿತು. ಅಂಗಡಿ ನೋಡಿಕೊಳ್ಳುವವರು ಬೇರೆ ಯಾರೂ ಇರಲಿಲ್ಲ. ಬಸ್ ನಿಲ್ದಾಣಕ್ಕೆ ಅವಳೇ ಕಳಿಸಲು ಹೋಗಿದ್ದಳು. ಬಸ್ಸು ಹೊರಡುವಾಗ ಅವನು ಕಿಟಕಿಯಿಂದ ಹೇಳಿದ್ದು ಒಂದೇ ಮಾತು: "ಅಚ್ಚು ಒಂದು ಬಾಕಿ ಅದ. ನಾ ಬರೋತನಕ ಮುಟ್ಟಬ್ಯಾಡ."

ಅವಳಿಗೆ ಅವನೆಂದರೆ ಜೀವ. ಅದನ್ನು ಸುತ್ತಿ ಬಳಸಿ ಹೇಳುವುದೇನಿದೆ? ಆದರೆ ಗುಂಜಹಳ್ಳಿಯ ಯಂಕೋಬನ ಮಗಳು, ಮಾನ್ವಿಯ ಉಸ್ತಾದರ ಮಗ ಎಂದರೆ ಎರಡೂ ಮನೆಯಲ್ಲಿ ಏನೇನು ಎದ್ದೇಳುತ್ತದೆ ಎಂದು ಇಬ್ಬರಿಗೂ ಗೊತ್ತಿತ್ತು. ಒಂದು ಚಿಹ್ನೆಗಾಗಿ ವಾರಗಟ್ಟಲೆ ಜಗಳಾಡಿದ ಜಾಣರು ಈ ವಿಷಯಕ್ಕೆ ಮಾತ್ರ ಬಾಯಿ ಬಿಡಲಿಲ್ಲ. ಒಂದೆರಡು ವರ್ಷದಲ್ಲಿ ಅವನ ಮದುವೆಯ ಕರೆ ಫೋನಿಗೆ ಬಂತು. ಅವಳು ಶುಭಾಶಯ ಕಳಿಸಿದಳು. ಅಚ್ಚನ್ನು ಮುಟ್ಟಲಿಲ್ಲ.

ಮದುವೆಯಾದವನಿಗೆ ಕಾಯುವುದೇ ಎಂದು ನೀವು ಮೂಗು ಮುರಿಯಬಹುದು. ಮುರಿಯಿರಿ, ನಿಮ್ಮ ಮೂಗು. ಅವಳು ಅವನ ಸಂಸಾರದಲ್ಲಿ ಕೈಯಿಡಲು ಕಾಯಲಿಲ್ಲ. ಒಂದು ದಿನ ಅವನು ಬಂದು ಪಕ್ಕದಲ್ಲಿ ಕೂತು ಮತ್ತೊಮ್ಮೆ ಜಗಳಾಡಿಯಾನು ಎಂದು ಕಾದಳು. ಶೇಖಮ್ಮ ವರ ತೋರಿಸಿದಾಗಲೆಲ್ಲ "ಕೆಲ್ಸ ಒಂದು ಬಾಕಿ ಅದ ಯವ್ವಾ, ಮುಗೀಲಿ" ಅನ್ನುತ್ತಿದ್ದಳು. ಅವ್ವನಿಗೆ ಅದು ಕಾಲೇಜಿನ ಕೆಲಸವೆಂದೇ ನಂಬಿಕೆ.

ಈ ಮಳೆಗಾಲದಲ್ಲಿ ಆ ಕೆಲಸಕ್ಕೆ ಗಡುವು ಬಂತು. ದೇವದುರ್ಗದ ಕಾಲೇಜಿನಲ್ಲಿ ಅವಳ ವಿಭಾಗದ ಮುಖ್ಯಸ್ಥರು ವಿರೂಪಣ್ಣ ಸರ್. ಒಳ್ಳೆಯ ಮನುಷ್ಯ, ಆದರೆ ಆತುರಗಾರ. ಶುಕ್ರವಾರ ಕರೆದು, ಮೊದಲ ವರ್ಷದ ಮಕ್ಕಳಿಗೆ ಇಂಗ್ಲಿಷಿನ ಪಾಠಕ್ಕೆ ಮೊದಲು ಬುತ್ತಿಯನ್ನೇ ಕಲಿಸೋಣ ಎಂದರು. ವಿಶಾಖಾ ವರ್ಷಗಳಿಂದ ಬಯಸಿದ್ದು ಅದನ್ನೇ.

"ಆದ್ರ ಅಚ್ಚಿನ ಪಾಠ ಇಲ್ಲಲ್ರಿ ಇದ್ರಾಗ?" ಎಂದರು ಅವರು. "ಅದಿಲ್ದ ಹ್ಯಾಂಗ ಕಲಿಸ್ತೀರಿ?"

"ಅದೊಂದು ಬಾಕಿ ಅದರಿ ಸರ್."

"ಸೋಮವಾರದೊಳಗ ಮಾಡ್ಕೊಂಡ ಬರ್ರಿ. ಇಲ್ಲಂದ್ರ ಮುಂದಿನ ವರ್ಷದ ಮಾತು."

ಅವಳು ಹೂಂ ಅಂದುಬಿಟ್ಟಳು. ಅಂದ ಮೇಲೆ ಇಬ್ಬರ ಹೂಂ ಬೇಕೆಂಬ ಕಾನೂನು ನೆನಪಾಯಿತು.

ಒಬ್ಬಳೇ ನಿರ್ಧರಿಸಬಹುದಿತ್ತು. ನಿಜ ಹೇಳಬೇಕೆಂದರೆ ಒಳಗೊಳಗೇ ನಿರ್ಧಾರವಾಗಿಯೂ ಇತ್ತು. ಹೋದ ವರ್ಷ ಇಂಗ್ಲಿಷಿನ ಒಂದು ಭಾಷೆಯಲ್ಲಿ ಇದೇ ಪಾಠ ಮಾಡುತ್ತಿದ್ದಾಗ ಮೌನೇಶ್ವರಿ ಎಂಬ ಹುಡುಗಿ ಖಾಲಿ ಪರದೆ ಇಟ್ಟುಕೊಂಡು ಕೂತಿದ್ದಳು. ಯಾಕೆ ಬರೆದಿಲ್ಲ ಎಂದರೆ, "ಏನೇನು ಬೇಕಾಗ್ತದ ಅಂತ ಮೊದ್ಲೇ ಹ್ಯಾಂಗ ಗೊತ್ತಾಗ್ತದ್ರಿ ಮೇಡಂ? ಬರಕೋತ ಹೋದ್ರ ಗೊತ್ತಾಗ್ತದ" ಅಂದಿದ್ದಳು. ಅದು ಸೊಹೇಲನ ಮಾತೇ. ಅಂದಿನಿಂದ ವಿಶಾಖಾ ಬಸ್ಸಿನಲ್ಲಿ ಕೂತಾಗ, ರೊಟ್ಟಿ ಬಡಿಯುವಾಗ ಮನಸ್ಸಿನಲ್ಲೇ ಸೊಹೇಲನೊಡನೆ ಜಗಳಾಡುತ್ತಿದ್ದಳು, ಮತ್ತು ಪ್ರತಿ ಸಲ ಸೋಲುತ್ತಿದ್ದಳು. ತನಗೇ ಯಾರಾದರೂ ಇಪ್ಪತ್ತೆರಡರ ವಯಸ್ಸಿನಲ್ಲಿ, ನಿನ್ನೊಳಗೆ ಏನೇನಿದೆ ಹೇಳಿಬಿಡು ಎಂದಿದ್ದರೆ ಏನು ಹೇಳುತ್ತಿದ್ದಳು?

ಶನಿವಾರ ಅರ್ಧ ದಿನದ ಕಾಲೇಜು. ಮಧ್ಯಾಹ್ನ ಮನೆಗೆ ಹೋಗುವ ರಾಯಚೂರಿನ ಬಸ್ಸು ಬಿಟ್ಟು ಸಿರವಾರದ ಮೇಲೆ ಮಾನ್ವಿಗೆ ಹೋಗುವ ಬಸ್ಸು ಹತ್ತಿದಳು. ಕಾಲುವೆಗೆ ನೀರು ಬಿಟ್ಟಿದ್ದರು. ದಾರಿಯುದ್ದಕ್ಕೂ ಹೆಂಗಸರು ಸಾಲಾಗಿ ಬಗ್ಗಿ ಭತ್ತ ನಾಟಿ ಮಾಡುತ್ತಿದ್ದರು. ಅವಳು ಹೇಳಬೇಕಾದ ಮಾತನ್ನು ಬಾಯಿಪಾಠ ಮಾಡಿಕೊಂಡಳು. ನಾನು ಸೋತೆ, ನಾನೇ ಬರೆಯುತ್ತೇನೆ, ಹೂಂ ಅನ್ನು. ಅಷ್ಟೇ ಹೇಳುವುದು. ಆಮೇಲೆ ಅವನು ಏನಾದರೂ ಅಂದರೆ ಒಂದಿಷ್ಟು ಹೊತ್ತು ಕೂರುವುದು.

ಅಂಗಡಿಯ ಮುಂದೆ ಸುಟ್ಟ ಮೋಟಾರುಗಳು ಸಾಲುಗಟ್ಟಿದ್ದವು. ನಾಟಿಯ ದಿನಗಳಲ್ಲವೇ, ಮಾನ್ವಿಯ ರೈತರಿಗೆಲ್ಲ ಉಸ್ತಾದರ ಅಂಗಡಿಯೇ ದೇವರ ಗುಡಿ. ವಾರ್ನಿಶಿನ ವಾಸನೆಯ ನಡುವೆ ಸೊಹೇಲ್ ಕಾಲು ಮಡಚಿ ಕೂತು ಮೋಟಾರಿನ ಹೊಟ್ಟೆಯೊಳಗೆ ತಾಮ್ರದ ತಂತಿ ಕೂರಿಸುತ್ತಿದ್ದ. ಗಡ್ಡ ಬಿಟ್ಟಿದ್ದ, ಕನ್ನಡಕ ಬಂದಿತ್ತು. ತಲೆಯೆತ್ತಿ ನೋಡಿದವನ ಮುಖದಲ್ಲಿ ಒಂದು ಕ್ಷಣ ಹಳೆಯ ಹುಡುಗನೇ ಕಾಣಿಸಿದ. ಆಮೇಲೆ ಸುತ್ತ ಕೂತ ಗಿರಾಕಿಗಳನ್ನು ನೋಡಿ, "ಬರ್ರಿ ಮೇಡಂ, ಕುಂದರ್ರಿ" ಎಂದ.

ಆ 'ರೀ' ಅವಳಿಗೆ ಚುಚ್ಚಿತು.

ಹಿಂದಿನ ಮನೆಯಿಂದ ಅವನ ತಾಯಿ ಜೈಬುನ್ನೀಸಾ ಮೊಮ್ಮಗಳನ್ನು ಸೊಂಟದಲ್ಲಿಟ್ಟುಕೊಂಡು ಬಂದರು. "ಅಯ್ಯ, ವಿಶಾಖಾ ಬೇಟಿ! ಎಷ್ಟು ಸೊರಗೀದಿ! ಅವ್ವ ಆರಾಮ ಅದಾಳ? ನಿಂದು ಶಾದಿ ಆತೇನು?"

"ಇಲ್ರಿ ಅಮ್ಮಾ."

"ಯಾಕ ಬೇಟಿ?" ಎಂದರು ಅವರು. ಅವಳು ಮಗುವಿನ ಕೆನ್ನೆ ಸವರಿದ್ದು ಕಂಡು, ಚಹಾ ತರುತ್ತೇನೆಂದು ಒಳಗೆ ಹೋದರು. ಸೊಹೇಲ್ ತಂತಿಯನ್ನೇ ನೋಡುತ್ತಿದ್ದ.

"ಅಚ್ಚು ಬಾಕಿ ಅದ," ಎಂದಳು ವಿಶಾಖಾ. "ಸೋಮವಾರದೊಳಗ ಬೇಕು."

ಅವನ ಕೈ ನಿಂತಿತು.

"ಇನ್ನೂ ಹಾಕಿಲ್ಲೇನು?"

"ಮುಟ್ಟಬ್ಯಾಡ ಅಂದಿದ್ದಿ. ಮುಟ್ಟಿಲ್ಲ." ಬಾಯಿಪಾಠ ಮಾಡಿದ್ದನ್ನು ಒಂದೇ ಉಸಿರಿಗೆ ಹೇಳಿಬಿಟ್ಟಳು: "ನಾ ಸೋತೆ. ನೀ ಹೇಳಿದ್ದ ಖರೆ. ಖಾಲಿ ಅಚ್ಚೇ ಇರ್ಲಿ, ಬೇಕಾದಾಗ ಬೇಕಾದ್ದು ಇಟ್ಕೊಳ್ಳಿ. ನಾನೇ ಬರೀತೀನಿ. ನೀ ಹೂಂ ಅನ್ನು."

ಸೊಹೇಲ್ ಅವಳನ್ನೇ ನೋಡಿದ. ನೋಡಿ ನಕ್ಕ. ನಗುತ್ತಾ ತಲೆ ಅಲ್ಲಾಡಿಸಿದ.

"ಅನ್ನಂಗಿಲ್ಲ. ಸೋತವ ನಾನು. ನೀ ಹೇಳಿದ್ದ ಖರೆ."

ಹೋದ ವರ್ಷದ ನಾಟಿಯ ಹೊತ್ತಿನಲ್ಲಿ ನಡೆದದ್ದನ್ನು ಹೇಳಿದ. ಬಂದ ಮೋಟಾರುಗಳ ವಿವರ ಬರೆದಿಡಲು ಫೋನಿನಲ್ಲಿ ಒಂದು ಪ್ರೋಗ್ರಾಂ ಮಾಡಿಕೊಂಡಿದ್ದ. ಅವನ ಇಷ್ಟದಂತೆಯೇ, ಯಾರು ಯಾವ ಹೆಸರಲ್ಲಿ ಏನು ಬೇಕಾದರೂ ಸೇರಿಸಬಹುದು. ಒಂದೇ ಮೋಟಾರಿಗೆ ಅಂಗಡಿಯ ಒಬ್ಬ ಕೆಲಸಗಾರ 'ಎಚ್‌ಪಿ' ಎಂದು ತಪ್ಪಾಗಿ ಮೂರು ಬರೆದ, ಇನ್ನೊಬ್ಬ ಅದನ್ನು ನೋಡದೆ 'ಪವರ್' ಎಂದು ಐದು ಬರೆದ. ಫೋನು ಎರಡನ್ನೂ ಮರ್ಯಾದೆಯಿಂದ ಇಟ್ಟುಕೊಂಡಿತು. ಐದರ ಮೋಟಾರಿಗೆ ಮೂರರ ತಂತಿ ಸುತ್ತಿ ಕೊಟ್ಟಿದ್ದು ಗೊತ್ತಾದದ್ದು ಕಾಲುವೆಯ ದಂಡೆಯಲ್ಲಿ ಅದು ಹೊಗೆಯೆದ್ದು ಸುಟ್ಟ ಮೇಲೆ. ನೀರಿಲ್ಲದೆ ಆ ರೈತನ ಸಸಿ ಮಡಿಯೇ ಒಣಗಿತು.

"ಮೊದ್ಲ ಸಾಲಿನಾಗ ಹೇಳಿಸಿದ್ರ ಇದು ಆಗ್ತಿರಲಿಲ್ಲ ಅಂತ ನೀ ಬಯ್ಯೂದು ಕಿವಿಯಾಗ ಕೇಳಿಸ್ತಿತ್ತು," ಎಂದ. "ಎಷ್ಟೋ ಸಲ ಫೋನ್ ಮಾಡಿ ನಾ ಸೋತೆ ಅನ್ಬೇಕಂತ ಮಾಡಿದ್ದೆ."

"ಯಾಕ ಮಾಡ್ಲಿಲ್ಲ?"

"ಮಾಡ್ಲಿಲ್ಲ ಬಿಡು."

ಅವಳಿಗೆ ಮತ್ತೆ ಕೇಳುವ ಅಗತ್ಯವಿರಲಿಲ್ಲ. ತಾನು ಯಾಕೆ ಫೋನ್ ಮಾಡಲಿಲ್ಲ ಎಂಬುದು ಅವಳಿಗೆ ಗೊತ್ತಿತ್ತಲ್ಲ. ಇಷ್ಟು ವರ್ಷ ಅವಳು ದೇವದುರ್ಗದ ಬಸ್ಸಿನಲ್ಲಿ ಅವನೊಡನೆ ಜಗಳಾಡುತ್ತಿದ್ದರೆ ಅವನು ಇಲ್ಲಿ ತಂತಿ ಸುತ್ತುತ್ತಾ ಅವಳೊಡನೆ ಜಗಳಾಡುತ್ತಿದ್ದ. ಇಬ್ಬರೂ ಒಬ್ಬರಿಗೊಬ್ಬರು ಸೋತು ಕೂತಿದ್ದರು. ಅವಳಿಗೆ ಸಂತೋಷವಾಯಿತು, ಅದರ ಬೆನ್ನಿಗೇ ಅಳು ಬಂತು. ಜೈಬುನ್ನೀಸಾ ತಂದ ಚಹಾವನ್ನು ಬಿಸಿಬಿಸಿಯಾಗಿಯೇ ಕುಡಿದು ಅದನ್ನು ನುಂಗಿಕೊಂಡಳು.

ಆಮೇಲೆ ಶುರುವಾಯಿತು ನೋಡಿ. ಅವಳು ಅವನ ಹಳೆಯ ಪಕ್ಷ ಹಿಡಿದು ವಾದಿಸಿದಳು, ಅವನು ಅವಳ ಹಳೆಯ ಪಕ್ಷ ಹಿಡಿದು ವಾದಿಸಿದ.

"ಮೊದ್ಲೇ ಎಲ್ಲಾ ಹೇಳು ಅಂದ್ರ ಕೂಸು ಹೆದರಿ ಬರಿಯೂದೇ ಇಲ್ಲ!"

"ಹೇಳದಿದ್ರ ಬರಿತದ, ಆಮ್ಯಾಗ ಮೋಟಾರು ಸುಡ್ತದ!"

"ನಾ ಕಲಿಸೂದು ಮಕ್ಕಳಿಗಿ, ಮೋಟಾರಿಗಲ್ಲ."

"ನಾಳೆ ಆ ಮಕ್ಕಳೇ ನಮ್ಮಂಗಡಿಗಿ ಬರ್ತಾವ. ನೀ ಕೇಳು ಇಲ್ಲಿ..."

'ರೀ' ಎಲ್ಲಿ ಹೋಯಿತೋ, ಮೇಡಂ ಎಲ್ಲಿ ಹೋದಳೋ. ಮೋಟಾರಿಗಾಗಿ ಬೆಳಗಿನಿಂದ ಕಾದು ಕೂತಿದ್ದ ಶಂಭುಲಿಂಗಪ್ಪ ಎಂಬ ಹಿರಿಯ ರೈತರು ತಾಳಲಾರದೆ ಕೇಳಿದರು: "ಏನ್ರಿ ಉಸ್ತಾದ್, ಅಕ್ಕಾರೂ ನೀವೂ ಏನು ಹೊಲ ಪಾಲು ಮಾಡ್ಕೊಳಾಕತ್ತೀರೇನು?"

ಅಂಗಡಿಗೆ ಅಂಗಡಿಯೇ ನಕ್ಕಿತು. ನಗು ನಿಂತ ಮೇಲೆ ದಾರಿ ತಾನಾಗಿಯೇ ಕಂಡಿತು. ಅಚ್ಚಿನ ಮೊದಲ ಸಾಲಿನಲ್ಲಿ, ಗೊತ್ತಿದ್ದಷ್ಟನ್ನು ಬರೆಯುವುದು. ಆಮೇಲೆ ಹೊಸದೇನಾದರೂ ಹೊಳೆದರೆ ಅದನ್ನೂ ಇಟ್ಟುಕೊಳ್ಳಬಹುದು, ಆದರೆ 'ಸೇರಿಸು' ಎಂದು ಬಾಯಿಬಿಟ್ಟು ಹೇಳಿಯೇ ಇಟ್ಟುಕೊಳ್ಳಬೇಕು. ಹೇಳದೆ ಕೇಳದೆ ಒಳಗೆ ಬಂದ ಹೆಸರನ್ನು ಕಂಪ್ಯೂಟರು ಬಾಗಿಲಲ್ಲೇ ನಿಲ್ಲಿಸಿ, ಇದು ಯಾರು ಎಂದು ಕೇಳುತ್ತದೆ. ಮಕ್ಕಳಿಗೆ ಒಂದು ಪದ ಹೆಚ್ಚು ಕಲಿಯುವ ಭಾರ. ಅವಳ ಬಿಗಿ ಸ್ವಲ್ಪ ಹೋಯಿತು, ಅವನ ಸಲೀಸು ಸ್ವಲ್ಪ ಹೋಯಿತು.

"ಬರಿಯೋರು ಯಾರು ಈಗ?" ಎಂದಳು.

"ಇಬ್ರೂ ಸೋತೀವಿ. ಇಬ್ರೂ ಬರೀಬೇಕು."

ಕೈ ತೊಳೆದು ಬಂದ. ತಂತಿಯ ಡಬ್ಬದ ಮೇಲೆ ಲ್ಯಾಪ್‌ಟಾಪ್ ಇಟ್ಟು ಒಂದಿಷ್ಟು ಅವನು ಬರೆದ, ಒಂದಿಷ್ಟು ಅವಳು ಬರೆದಳು. ವರ್ಷಗಳಾದರೂ ಬೆರಳು ಮರೆತಿರಲಿಲ್ಲ. ಅವಳು ತಪ್ಪಿದಲ್ಲಿ ಅವನು ಹೇಳುವುದಕ್ಕೆ ಮೊದಲೇ ಅವಳು ತಿದ್ದುತ್ತಿದ್ದಳು. 'ಮೋಟಾರು' ಎಂಬ ಅಚ್ಚು ಮಾಡಿ, ಅದರಿಂದ ಶಂಭುಲಿಂಗಪ್ಪನವರ ಮೋಟಾರನ್ನೇ ತೆಗೆದು ನೋಡಿದರು. ಬಂತು. ಬೇಕೆಂದೇ ಒಂದು ತಪ್ಪು ಹೆಸರು ಹಾಕಿ ನೋಡಿದರು. ಬಾಗಿಲಲ್ಲೇ ನಿಲ್ಲಿಸಿತು. ಆರೇಳು ವರ್ಷ ಕಾದು ಕೂತಿದ್ದ ಕೆಲಸ ಶಂಭುಲಿಂಗಪ್ಪನವರ ಮೋಟಾರಿಗೆ ಹಚ್ಚಿದ ವಾರ್ನಿಶ್ ಒಣಗುವುದರೊಳಗೆ ಮುಗಿದಿತ್ತು.

"ಇಷ್ಟೇ ಇತ್ತಲ್ಲ," ಎಂದ ಸೊಹೇಲ್.

"ಹೂಂ, ಇಷ್ಟೇ ಇತ್ತು," ಎಂದಳು ಅವಳು.

ಮಗು ಬಂದು ಅಪ್ಪನ ಬೆನ್ನಿಗೆ ಜೋತುಬಿತ್ತು. ಒಳಗಿನಿಂದ ಹೆಂಗಸಿನ ದನಿ ಅವನನ್ನು ಊಟಕ್ಕೆ ಕರೆಯಿತು, ಬಂದವರನ್ನೂ ಕರೆಯಲು ಹೇಳಿತು. ಇಂಪಾದ ದನಿ. ವಿಶಾಖಾ ಬಸ್ಸಿನ ಹೊತ್ತಾಯಿತೆಂದು ಎದ್ದಳು. ಸೊಹೇಲ್ ರಸ್ತೆಯ ತನಕ ಬಂದ. ಹಿಂದಿನಿಂದ ಗಿರಾಕಿಯೊಬ್ಬ ಕೂಗಿದ್ದಕ್ಕೆ ತಿರುಗಿ ಹೋದ.

ರಾಯಚೂರಿನ ಬಸ್ಸು ಕಲ್ಲೂರು ದಾಟುವಾಗ ಅವಳ ಫೋನಿಗೆ ಅವನ ಮೆಸೇಜು ಬಂತು: "ಮತ್ತೇನರ ಬಾಕಿ ಅದ?"

ಅವಳು ಬುತ್ತಿಯನ್ನು ತೆರೆದಳು. ಮೊದಲ ಪದದಿಂದ ಕೊನೆಯ ಪದದ ತನಕ ಹುಡುಕಿದಳು. ಎಲ್ಲಾದರೂ ಒಂದು ಕಡೆ ಅನುಮಾನ ಉಳಿದಿರಬಹುದು, ಒಂದು ಹೆಸರು ಸರಿಬೀಳದೆ ಇರಬಹುದು, ಇದನ್ನು ಆಮೇಲೆ ನೋಡೋಣ ಎಂದು ಬಿಟ್ಟಿರಬಹುದು. ಇರಲಿಲ್ಲ. ಅರ್ಧಕ್ಕೆ ಬಿಡುವವಳಲ್ಲ ಎಂದು ಹೇಳಿದೆನಲ್ಲ, ಆ ಗುಣವೇ ಅವಳಿಗೆ ಮುಳುವಾಯಿತು. ಒಂದು ಕಡೆ ತಾನೇ ಕೆಡಿಸಿಟ್ಟರೆ ಎಂಬ ಯೋಚನೆಯೂ ಬಂತು. ಯಾರಿಗೂ ತಿಳಿಯುತ್ತಿರಲಿಲ್ಲ. ಆದರೆ ಸೋಮವಾರ ಅದನ್ನು ಬಿಚ್ಚುವವರು ಮೌನೇಶ್ವರಿಯಂಥ ಮಕ್ಕಳು. ಮಕ್ಕಳ ಬುತ್ತಿಯಲ್ಲಿ ಬೇಕೆಂದು ಕಲ್ಲು ಹಾಕುವವರುಂಟೇ?

"ಇಲ್ಲ, ಎಲ್ಲಾ ಆತು," ಎಂದು ಬರೆದು ಕಳಿಸಿದಳು.

ಸ್ವಲ್ಪ ಹೊತ್ತಿಗೆ ಉತ್ತರ ಬಂತು. "ಹಂಗಾದ್ರ ಚಲೋ ಆತು."

ರಾಯಚೂರಿನ ನಿಲ್ದಾಣದಲ್ಲಿ ಎಲ್ಲರೂ ಇಳಿದರು. "ಇಳೀರಿ ಅಕ್ಕಾರ, ಬಸ್ಸು ಡಿಪೋಕ್ಕ ಹೋಗ್ತದ" ಎಂದು ಕಂಡಕ್ಟರು ಎರಡು ಸಲ ಹೇಳಿದ ಮೇಲೆ ವಿಶಾಖಾ ಎದ್ದಳು. ಪಕ್ಕದಲ್ಲೇ ಮಾನ್ವಿಗೆ ಹೊರಟ ಬಸ್ಸು ನಿಂತಿತ್ತು. ಸೀಟುಗಳು ಖಾಲಿ ಇದ್ದವು. ಈಗ ಹೆಂಗಸರಿಗೆ ಟಿಕೆಟ್ಟಿನ ದುಡ್ಡೂ ಇಲ್ಲ. ಅವಳು ಅದರ ಬಾಗಿಲ ಮುಂದೆ ಒಂದಿಷ್ಟು ಹೊತ್ತು ನಿಂತಳು. ಹತ್ತಲು ಯಾವ ಅಡ್ಡಿಯೂ ಇರಲಿಲ್ಲ, ಆದರೆ ಅಲ್ಲಿಗೆ ಹೋಗಿ ಬಾಕಿ ಅದ ಎನ್ನಲು ಒಂದು ಕೆಲಸವೂ ಉಳಿದಿರಲಿಲ್ಲ.